ಸಿ ಡ್ರೈವ್ ಮತ್ತೆ ಮತ್ತೆ ತುಂಬುತ್ತಿದೆ, ಜಾಗ ಎಲ್ಲಿ ಹೋಗುತ್ತಿದೆ ಗೊತ್ತಾಗುತ್ತಿಲ್ಲ

ಆಲ್ಬಂ_ದಾವಣಗೆರೆ
ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಮದುವೆ ಆಲ್ಬಂ ಡಿಸೈನ್ ಮಾಡುತ್ತೇನೆ. ಲ್ಯಾಪ್‌ಟಾಪ್‌ನಲ್ಲಿ 128 ಜಿಬಿ ಎಸ್‌ಎಸ್‌ಡಿ ಇದೆ, ಅದೇ ಸಿ ಡ್ರೈವ್. ಜೊತೆಗೆ 1 ಟಿಬಿ ಹಾರ್ಡ್ ಡಿಸ್ಕ್, ಅದು ಡಿ. ಡಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಖಾಲಿ ಇದೆ. ಸಿ ಮಾತ್ರ ಯಾವಾಗಲೂ ಕೆಂಪು. ಇವತ್ತು ಬೆಳಿಗ್ಗೆ ನೋಡಿದರೆ 400 ಎಂಬಿ ಉಳಿದಿದೆ. ಫೋಟೋಶಾಪ್ ತೆರೆದರೆ ಸ್ಕ್ರ್ಯಾಚ್ ಡಿಸ್ಕ್ ತುಂಬಿದೆ ಅಂತ ತೋರಿಸಿ ಮುಚ್ಚಿಕೊಳ್ಳುತ್ತದೆ.

ಫೋಟೋ, ಪಿಎಸ್‌ಡಿ ಎಲ್ಲ ಡಿಯಲ್ಲೇ ಇಡುತ್ತೇನೆ. ಸಿಯಲ್ಲಿ ನನ್ನದು ಅಂತ ಏನೂ ಇಲ್ಲ. ರಿಸೈಕಲ್ ಬಿನ್ ಖಾಲಿ ಮಾಡಿದೆ, ಬೇಡದ ಕೆಲವು ಸಾಫ್ಟ್‌ವೇರ್ ತೆಗೆದೆ. ಎರಡು ಮೂರು ಜಿಬಿ ಸಿಗುತ್ತದೆ, ಸಂಜೆಯೊಳಗೆ ಅದೂ ಮಾಯ. ರ್‍ಯಾಮ್ 8 ಜಿಬಿ. ವಿಂಡೋಸ್ 10 ಇತ್ತು, ಹೋದ ವಾರ ಅಂಗಡಿಯವರು 11 ಮಾಡಿಕೊಟ್ಟರು. ಶುಕ್ರವಾರ ಒಂದು ಆಲ್ಬಂ ಪ್ರಿಂಟ್‌ಗೆ ಹೋಗಲೇಬೇಕು. ಫಾರ್ಮ್ಯಾಟ್ ಮಾಡದೆ ಏನಾದರೂ ದಾರಿ ಇದೆಯಾ?

ಗುಡ್ಡದಮನೆ
ವಿಂಡೋಸ್ ಕೀ + ಆರ್ ಒತ್ತಿ, %ಟೆಂಪ್% ಅಂತ ಇಂಗ್ಲಿಷ್‌ನಲ್ಲಿ ಹೊಡೆದು ಎಂಟರ್ ಮಾಡಿ. ತಾತ್ಕಾಲಿಕ ಫೈಲ್‌ಗಳ ಫೋಲ್ಡರ್ ತೆರೆಯುತ್ತದೆ, ಒಳಗಿರುವುದನ್ನೆಲ್ಲ ಆರಿಸಿ ಡಿಲೀಟ್. ಅಷ್ಟೇ.

ಹಳೇಪೇಟೆ
ವಿಂಡೋಸ್ ಫೋಲ್ಡರ್ ಒಳಗೆ ವಿನ್‌ಎಸ್‌ಎಕ್ಸ್‌ಎಸ್ ಅಂತ ಒಂದು ಇರುತ್ತದೆ ನೋಡಿ. ಸುಮ್ನೆ ಹತ್ತು ಹನ್ನೆರಡು ಜಿಬಿ ತಿಂದುಕೊಂಡು ಕೂತಿರುತ್ತದೆ. ಅದನ್ನು ತೆಗೆದುಬಿಡಿ. ಪರ್ಮಿಷನ್ ಕೇಳಿದರೆ ಓನರ್‌ಶಿಪ್ ತೆಗೆದುಕೊಳ್ಳಿ.

ಕೀಲಿಮಣೆ
@ಹಳೇಪೇಟೆ ದಯವಿಟ್ಟು ಇಂಥ ಸಲಹೆ ಕೊಡಬೇಡಿ. ವಿನ್‌ಎಸ್‌ಎಕ್ಸ್‌ಎಸ್ ಅಂದರೆ ವಿಂಡೋಸ್‌ನ ಎಲ್ಲ ಭಾಗಗಳ ಉಗ್ರಾಣ. ಅಪ್‌ಡೇಟ್ ಆಗುವುದು, ರಿಪೇರಿ ಆಗುವುದು ಎಲ್ಲ ಅಲ್ಲಿಂದಲೇ. ಕೈಯಿಂದ ಅಳಿಸಿದರೆ ಮಷೀನ್ ಬೂಟ್ ಆಗದೇ ಹೋಗಬಹುದು. ಶುಕ್ರವಾರ ಆಲ್ಬಂ ಕೊಡಬೇಕಾದವರಿಗೆ ಇದನ್ನಾ ಹೇಳುವುದು?

ಇನ್ನೊಂದು ವಿಷಯ. ಅದು ತೋರಿಸುವ ಸೈಜ್ ನಿಜವಾದ ಸೈಜ್ ಅಲ್ಲ. ಅಲ್ಲಿರುವ ಎಷ್ಟೋ ಫೈಲ್‌ಗಳು ಹಾರ್ಡ್ ಲಿಂಕ್‌ಗಳು. ಡಿಸ್ಕ್ ಮೇಲೆ ಒಂದೇ ಪ್ರತಿ ಇರುತ್ತದೆ, ಸಿಸ್ಟಂ32ರಲ್ಲೂ ಇಲ್ಲೂ ಎರಡು ಹೆಸರು ಇರುತ್ತವೆ. ಎಕ್ಸ್‌ಪ್ಲೋರರ್ ಎರಡೂ ಕಡೆ ಲೆಕ್ಕ ಹಾಕುತ್ತದೆ. ನಿಜವಾಗಿ ಎಷ್ಟಿದೆ ಎಂದು ನೋಡಲು ವಿಂಡೋಸ್‌ನದೇ ಡಿಐಎಸ್‌ಎಂ ಕಮಾಂಡ್‌ನಲ್ಲಿ ಅನಲೈಸ್ ಕಾಂಪೊನೆಂಟ್ ಸ್ಟೋರ್ ಅಂತ ಇದೆ. ಕ್ಲೀನ್ ಮಾಡಲೂ ಅದರಲ್ಲೇ ಸ್ಟಾರ್ಟ್ ಕಾಂಪೊನೆಂಟ್ ಕ್ಲೀನಪ್ ಇದೆ. ಅದು ಹಳೆಯ, ಬೇಡದ ಪ್ರತಿಗಳನ್ನು ಮಾತ್ರ ತೆಗೆಯುತ್ತದೆ.

ಹಳೇಪೇಟೆ
ವಿಂಡೋಸ್ 7 ಕಾಲದಲ್ಲಿ ಅಳಿಸಿ ಆರಾಮಾಗಿ ನಡೆಸಿದವರನ್ನು ನಾನು ನೋಡಿದ್ದೇನೆ.

ಕೀಲಿಮಣೆ
ನಡೆದಿರಬಹುದು. ಮುಂದಿನ ಅಪ್‌ಡೇಟ್ ಬಂದಾಗ ಏನಾಯಿತು ಎಂದು ಅವರನ್ನೇ ಕೇಳಿ.

ಸರ್ವಿಸ್_ಮಂಜಣ್ಣ
ಯಾರೂ ಇನ್ನೂ ಏನನ್ನೂ ಅಳಿಸಬೇಡಿ ಸ್ವಾಮಿ. ಮೊದಲು ಜಾಗ ಎಲ್ಲಿ ಹೋಗಿದೆ ಎಂದು ನೋಡಬೇಕು ಅಲ್ವಾ? ನನ್ನ ಟೇಬಲ್‌ಗೆ ಬರುವ ಮಷೀನ್‌ಗಳಲ್ಲಿ ಜಾಸ್ತಿ ಜನ ಮಾಡುವುದು ಇದನ್ನೇ. ಕೈಗೆ ಸಿಕ್ಕಿದ್ದು ಅಳಿಸುತ್ತಾರೆ. ಎಲ್ಲ ಸೇರಿ ಒಂದು ಜಿಬಿ ಆಗುವುದಿಲ್ಲ. ಪಕ್ಕದಲ್ಲೇ 30 ಜಿಬಿಯ ಒಂದು ಫೋಲ್ಡರ್ ಹಾಗೇ ಕೂತಿರುತ್ತದೆ.

ಯಾವ ಫೋಲ್ಡರ್ ಎಷ್ಟು ಜಾಗ ತಿಂದಿದೆ ಎಂದು ತೋರಿಸುವ ವಿಜ್‌ಟ್ರೀ ಹಾಕಿಕೊಳ್ಳಿ. ಇನ್‌ಸ್ಟಾಲ್ ಬೇಡದ ಪೋರ್ಟಬಲ್ ಆವೃತ್ತಿ ಇದೆ, ಅದನ್ನು ಡಿಯಲ್ಲಿಟ್ಟು ಓಡಿಸಿ. ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿದರೆ ಡ್ರೈವ್‌ನಲ್ಲಿ ವಿಂಡೋಸ್ ಇಟ್ಟುಕೊಂಡಿರುವ (ಎನ್‌ಟಿಎಫ್‌ಎಸ್) ಫೈಲ್ ಪಟ್ಟಿಯನ್ನೇ ನೇರವಾಗಿ ಓದುತ್ತದೆ, ಹಾಗಾಗಿ ಕೆಲವೇ ಸೆಕೆಂಡಿನಲ್ಲಿ ಇಡೀ ಡ್ರೈವ್ ಕಣ್ಣಮುಂದೆ ಬರುತ್ತದೆ. ವಿನ್‌ಡರ್‌ಸ್ಟ್ಯಾಟ್ ಕೂಡ ಆಗುತ್ತದೆ, ಟ್ರೀಸೈಜ್ ಕೂಡ ಆಗುತ್ತದೆ. ದೊಡ್ಡದರಿಂದ ಚಿಕ್ಕದಕ್ಕೆ ಮೊದಲ ಹತ್ತು ಸಾಲು ಇಲ್ಲಿ ಹಾಕಿ. ಆಮೇಲೆ ಮಾತಾಡೋಣ.

ಬಯಲುಸೀಮೆ
ಇಷ್ಟೆಲ್ಲ ಯಾಕೆ? ಡಿಯಲ್ಲಿ ಅಷ್ಟು ಖಾಲಿ ಇದೆಯಲ್ಲ, ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಡಿಯನ್ನು ಶ್ರಿಂಕ್ ಮಾಡಿ ಸಿಗೆ ಸೇರಿಸಿ.

ಸರ್ವಿಸ್_ಮಂಜಣ್ಣ
@ಬಯಲುಸೀಮೆ ಆಗುವುದಿಲ್ಲ. ಇವರದು ಎರಡು ಬೇರೆ ಬೇರೆ ಡಿಸ್ಕ್. ಸಿ ಎಸ್‌ಎಸ್‌ಡಿಯಲ್ಲಿದೆ, ಡಿ ಹಾರ್ಡ್ ಡಿಸ್ಕ್‌ನಲ್ಲಿದೆ. ಒಂದೇ ಡಿಸ್ಕ್ ಆಗಿದ್ದರೂ ಖಾಲಿ ಜಾಗ ಸಿಯ ಬಲಕ್ಕೆ ಅಂಟಿಕೊಂಡೇ ಇರಬೇಕು. ಮಧ್ಯದಲ್ಲಿ ವಿಂಡೋಸ್ ರಿಪೇರಿಗೆ ಇಟ್ಟ ರಿಕವರಿ ಪಾರ್ಟಿಷನ್ ಕೂತಿದ್ದರೆ ಎಕ್ಸ್‌ಟೆಂಡ್ ಬಟನ್ ಮಸುಕಾಗಿಯೇ ಇರುತ್ತದೆ.

ಶಾಲ್ಮಲೆ
ಕ್ಲೀನರ್ ಸಾಫ್ಟ್‌ವೇರ್ ಯಾಕೆ ಯಾರೂ ಹೇಳುತ್ತಿಲ್ಲ? ಒಂದು ಕ್ಲಿಕ್, ಕೆಲಸ ಮುಗಿಯಿತು. ರಿಜಿಸ್ಟ್ರಿ ಕೂಡ ಕ್ಲೀನ್ ಆಗುತ್ತದೆ.

ಕರಾವಳಿ_ಕೋಡರ್
ರಿಜಿಸ್ಟ್ರಿ ಅಂದರೆ ವಿಂಡೋಸ್ ಮತ್ತು ಸಾಫ್ಟ್‌ವೇರ್‌ಗಳ ಸೆಟ್ಟಿಂಗ್ ಬರೆದಿಡುವ ಕಡತ, ಅದನ್ನು ಕ್ಲೀನ್ ಮಾಡಿದರೆ ಜಾಗ ಸಿಗುವುದಿಲ್ಲ. ಇಡೀ ರಿಜಿಸ್ಟ್ರಿಯೇ ಕೆಲವು ನೂರು ಎಂಬಿ ಇದ್ದರೆ ಹೆಚ್ಚು. ಅದರಲ್ಲಿ ಬೇಡದ ಸಾಲು ತೆಗೆದು ಏನು ಸಿಗುತ್ತದೆ? ಬೇಕಾದ ಸಾಲು ಹೋದರೆ ಸಾಫ್ಟ್‌ವೇರ್ ತೆರೆಯುವುದಿಲ್ಲ. ರಿಜಿಸ್ಟ್ರಿ ಕ್ಲೀನರ್‌ಗಳನ್ನು ಬೆಂಬಲಿಸುವುದಿಲ್ಲ ಎಂದು ಮೈಕ್ರೋಸಾಫ್ಟ್ ಕೂಡ ಹೇಳಿದೆ. ಹೆಸರಾಂತ ಕ್ಲೀನರ್ ಆದರೆ ಸುರಕ್ಷಿತ ಅನ್ನುವುದೂ ಇಲ್ಲ. 2017ರಲ್ಲಿ ಸಿಕ್ಲೀನರ್‌ನ 5.33 ಆವೃತ್ತಿಯ ಒಳಗೇ ಹ್ಯಾಕರ್‌ಗಳು ಮಾಲ್‌ವೇರ್ ಸೇರಿಸಿದ್ದರು, ಅದು ಅಧಿಕೃತ ಡೌನ್‌ಲೋಡ್‌ನಲ್ಲೇ ಜನರಿಗೆ ತಲುಪಿತ್ತು.

ವಿಂಡೋಸ್‌ನಲ್ಲೇ ಡಿಸ್ಕ್ ಕ್ಲೀನಪ್ ಇದೆ, 2017ರಿಂದ ಸ್ಟೋರೇಜ್ ಸೆನ್ಸ್ ಕೂಡ ಇದೆ. ಹೊರಗಿನದು ಬೇಕಾಗಿಲ್ಲ.

ಶಾಲ್ಮಲೆ
ಸರಿ, ಆದರೆ ಎಲ್ಲರಿಗೂ ಸೆಟ್ಟಿಂಗ್ಸ್ ಒಳಗೆ ಹೋಗಿ ಹುಡುಕಲು ಬರುವುದಿಲ್ಲ. ನಮ್ಮ ಅಪ್ಪನಿಗೆ ಒಂದು ಬಟನ್ ಬೇಕು, ಅಷ್ಟೇ.

ಕರಾವಳಿ_ಕೋಡರ್
ಅಪ್ಪನಿಗೆ ಸ್ಟೋರೇಜ್ ಸೆನ್ಸ್ ಆನ್ ಮಾಡಿಕೊಡಿ, ಆ ಬಟನ್ ಕೂಡ ಬೇಕಾಗುವುದಿಲ್ಲ. ಒಂದೇ ಎಚ್ಚರಿಕೆ: ಡೌನ್‌ಲೋಡ್ಸ್ ಫೋಲ್ಡರ್‌ಗೆ ನೆವರ್ ಅಂತಲೇ ಇರಲಿ. ಹಿರಿಯರು ಪಿಂಚಣಿ ಕಾಗದ, ಪಹಣಿ, ಆಸ್ಪತ್ರೆ ರಿಪೋರ್ಟ್ ಎಲ್ಲ ಡೌನ್‌ಲೋಡ್ಸ್‌ನಲ್ಲೇ ಬಿಟ್ಟಿರುತ್ತಾರೆ.

ಆಲ್ಬಂ_ದಾವಣಗೆರೆ
ವಿಜ್‌ಟ್ರೀ ಓಡಿಸಿದೆ. ನಿಜವಾಗಿ ಗಾಬರಿಯಾಯಿತು. ಹಾಕುತ್ತಿದ್ದೇನೆ ನೋಡಿ:

ಟೆಂಪ್ ಫೋಲ್ಡರ್ 29 ಜಿಬಿ
ವಿಂಡೋಸ್ 23 ಜಿಬಿ
ವಿಂಡೋಸ್ ಡಾಟ್ ಓಲ್ಡ್ 18 ಜಿಬಿ
ಪ್ರೋಗ್ರಾಂ ಫೈಲ್ಸ್ 16 ಜಿಬಿ
ಪಿಕ್ಚರ್ಸ್ ಒಳಗೆ ಲೈಟ್‌ರೂಮ್ ಅಂತ ಫೋಲ್ಡರ್ 11 ಜಿಬಿ
ಪೇಜ್‌ಫೈಲ್ 8 ಜಿಬಿ
ವಾಟ್ಸಾಪ್ 6 ಜಿಬಿ
ಹೈಬರ್‌ಫಿಲ್ 3.2 ಜಿಬಿ

ಉಳಿದದ್ದೆಲ್ಲ ಚಿಲ್ಲರೆ. ಟೆಂಪ್ ಒಳಗೆ ಫೋಟೋಶಾಪ್ ಟೆಂಪ್ ಅಂತ ಶುರುವಾಗಿ ಮುಂದೆ ಒಂದಷ್ಟು ಅಂಕಿ ಇರುವ ಫೈಲ್‌ಗಳು ಸಾಲಾಗಿ ಇವೆ. ಕೆಲವು ಒಂದೊಂದೇ 4-5 ಜಿಬಿ. ಇವು ನನ್ನ ಆಲ್ಬಂ ಫೈಲ್‌ಗಳಾ? ಅಳಿಸಿದರೆ ಕೆಲಸ ಹೋಗುತ್ತದಾ?

ಗುಡ್ಡದಮನೆ
ನಾನು ಮೊದಲ ಉತ್ತರದಲ್ಲೇ ಹೇಳಿದ್ದೆ, ಟೆಂಪ್!

ಗೋಧೂಳಿ
ಫೋಟೋಶಾಪ್ ಟೆಂಪ್ ಅಂದರೆ ಸ್ಕ್ರ್ಯಾಚ್ ಫೈಲ್, ಕೆಲಸದ ನಡುವೆ ಫೋಟೋಶಾಪ್ ತಾತ್ಕಾಲಿಕವಾಗಿ ಡಿಸ್ಕ್‌ಗೆ ಬರೆದಿಡುವುದು. ನಾನೂ ಇದೇ ಕಸುಬಿನವನು, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಿಮ್ಮ ಆಲ್ಬಂ ಶೀಟ್ 12×36 ತಾನೇ? 300 ಡಿಪಿಐ ಅಂದರೆ 10,800 × 3,600 ಪಿಕ್ಸೆಲ್. ಹತ್ತಿರ ಹತ್ತಿರ 3.9 ಕೋಟಿ ಪಿಕ್ಸೆಲ್. ಒಂದು ಪಿಕ್ಸೆಲ್‌ಗೆ ಮೂರು ಬೈಟ್ ಹಿಡಿದರೂ ಪೂರ್ತಿ ಶೀಟ್ ತುಂಬುವ ಒಂದು ಲೇಯರ್‌ಗೆ 116 ಎಂಬಿ. ಹಿನ್ನೆಲೆ, ಮಂಟಪದ ಫೋಟೋ, ಧಾರೆ ಫೋಟೋ, ಮೇಲೊಂದು ಹೂವಿನ ಡಿಸೈನ್, ನೆರಳು ಅಂತ ಲೇಯರ್ ಏರುತ್ತಾ ಹೋಗುತ್ತವೆ. ಅದರ ಮೇಲೆ ಹಿಸ್ಟರಿ. ಮಾಮೂಲಿಯಾಗಿ 50 ಹೆಜ್ಜೆ ಹಿಂದೆ ಹೋಗಲು ಬೇಕಾದದ್ದನ್ನೆಲ್ಲ ಫೋಟೋಶಾಪ್ ಇಟ್ಟುಕೊಳ್ಳುತ್ತದೆ. 8 ಜಿಬಿ ರ್‍ಯಾಮ್‌ನಲ್ಲಿ ಇದು ಹಿಡಿಯುವುದಿಲ್ಲ. ಆಗ ಡಿಸ್ಕ್‌ಗೆ ಬರೆಯುತ್ತದೆ. ಸೆಟ್ಟಿಂಗ್ ಬದಲಾಯಿಸಿಲ್ಲ ಅಂದರೆ ಆ ಡಿಸ್ಕ್ ಸಿ.

ಸರಿಯಾಗಿ ಮುಚ್ಚಿದರೆ ಈ ಫೈಲ್‌ಗಳನ್ನು ಅದೇ ಅಳಿಸಿಕೊಳ್ಳುತ್ತದೆ. ಕ್ರ್ಯಾಶ್ ಆದರೆ, ಕರೆಂಟ್ ಹೋಗಿ ಆಫ್ ಆದರೆ, ಟಾಸ್ಕ್ ಮ್ಯಾನೇಜರ್‌ನಿಂದ ಕೊಂದರೆ ಅಲ್ಲೇ ಉಳಿಯುತ್ತವೆ. ಜಾಗ ಕಡಿಮೆಯಾದಷ್ಟೂ ಕ್ರ್ಯಾಶ್ ಜಾಸ್ತಿ, ಕ್ರ್ಯಾಶ್ ಆದಷ್ಟೂ ಜಾಗ ಕಡಿಮೆ. ನಿಮ್ಮ ಸಿ ಸಂಜೆಯೊಳಗೆ ತುಂಬುತ್ತಿರುವುದು ಇದರಿಂದಲೇ.

ಫೋಟೋಶಾಪ್ ಪೂರ್ತಿ ಮುಚ್ಚಿ, ಒಮ್ಮೆ ರೀಸ್ಟಾರ್ಟ್ ಮಾಡಿ, ಆಮೇಲೆ ಅಳಿಸಿ. ನೀವು ಸೇವ್ ಮಾಡಿದ ಪಿಎಸ್‌ಡಿಗೂ ಇವಕ್ಕೂ ಸಂಬಂಧ ಇಲ್ಲ. ಶಿಫ್ಟ್ ಹಿಡಿದು ಡಿಲೀಟ್ ಒತ್ತಿ, ಇಲ್ಲದಿದ್ದರೆ ರಿಸೈಕಲ್ ಬಿನ್‌ಗೆ ಹೋಗಿ ಅದೇ ಸಿಯಲ್ಲೇ ಕೂರುತ್ತವೆ.

ಆಲ್ಬಂ_ದಾವಣಗೆರೆ
ಡಿಸ್ಕ್ ಕ್ಲೀನಪ್ ಓಡಿಸಿದ್ದೆ, ಆದರೂ ಇವು ಹೋಗಿರಲಿಲ್ಲವಲ್ಲ?

ಕೀಲಿಮಣೆ
ಡಿಸ್ಕ್ ಕ್ಲೀನಪ್ ಟೆಂಪ್‌ನಲ್ಲಿ ಒಂದು ವಾರಕ್ಕಿಂತ ಹಳೆಯದನ್ನು ಮಾತ್ರ ಮುಟ್ಟುತ್ತದೆ. ಈಗ ಓಡುತ್ತಿರುವ ಸಾಫ್ಟ್‌ವೇರ್‌ಗೆ ತೊಂದರೆ ಆಗಬಾರದು ಅಂತ ಹಾಗಿದೆ. ನಿಮ್ಮದು ಈ ವಾರದ್ದೇ ಜಾಸ್ತಿ ಇರಬೇಕು.

ಹಳೇಪೇಟೆ
ಸ್ಕ್ರ್ಯಾಚ್ ಡಿಸ್ಕ್ ಅನ್ನು ಡಿಗೆ ಹಾಕಿದರೆ ತಲೆನೋವೇ ಇಲ್ಲ. ಎಡಿಟ್, ಪ್ರೆಫರೆನ್ಸಸ್, ಸ್ಕ್ರ್ಯಾಚ್ ಡಿಸ್ಕ್ಸ್, ಅಲ್ಲಿ ಡಿಗೆ ಟಿಕ್ ಹಾಕಿ ಸಿಗೆ ತೆಗೆಯಿರಿ. ಫೋಟೋಶಾಪ್ ತೆರೆಯಲೇ ಇಲ್ಲ ಅಂದರೆ ಕ್ಲಿಕ್ ಮಾಡಿದ ಕೂಡಲೇ ಕಂಟ್ರೋಲ್ ಮತ್ತು ಆಲ್ಟ್ ಎರಡೂ ಒತ್ತಿ ಹಿಡಿಯಿರಿ, ಡಿಸ್ಕ್ ಕೇಳುವ ಕಿಟಕಿ ಬರುತ್ತದೆ.

ಗೋಧೂಳಿ
ಕಂಟ್ರೋಲ್ ಆಲ್ಟ್ ವಿಷಯ ಒಳ್ಳೆಯದು ಹೇಳಿದಿರಿ. ಆದರೆ ಸಿಯನ್ನು ಪೂರ್ತಿ ತೆಗೆಯುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಹಾರ್ಡ್ ಡಿಸ್ಕ್‌ನಲ್ಲಿ ಸ್ಕ್ರ್ಯಾಚ್ ಇಟ್ಟರೆ ದೊಡ್ಡ ಶೀಟ್‌ನಲ್ಲಿ ಒಂದು ಬ್ಲರ್ ಹಾಕಿದರೂ ಕಾಯಬೇಕು. ಜಾಗ ಆದ ಮೇಲೆ ಸಿ ಮೊದಲು, ಡಿ ಎರಡನೆಯದು ಅಂತ ಇಡಿ.

ಹಳೇಪೇಟೆ
ಮೊದಲನೆಯದು ಸಿ ಅಂದರೆ ಮತ್ತೆ ಸಿಯನ್ನೇ ಕೊನೇ ತನಕ ತುಂಬಿಸುತ್ತದೆ. ವಿಂಡೋಸ್‌ಗೆ ಉಸಿರಾಡಲು ಜಾಗ ಬೇಡವಾ? ನಿಧಾನ ಆದರೂ ಪರವಾಗಿಲ್ಲ, ನಡುವೆ ಮುಚ್ಚಿಕೊಳ್ಳುವುದಕ್ಕಿಂತ ಲೇಸು. ಶುಕ್ರವಾರದ ತನಕ ಡಿ ಒಂದೇ ಇರಲಿ.

ಗೋಧೂಳಿ
ಈ ವಾರದ ಮಟ್ಟಿಗೆ ಸರಿ, ಒಪ್ಪಿದೆ. ಜೊತೆಗೆ ಪರ್ಫಾರ್ಮೆನ್ಸ್‌ನಲ್ಲಿ ಹಿಸ್ಟರಿ ಸ್ಟೇಟ್ಸ್ 50 ಇರುವುದನ್ನು 20 ಮಾಡಿ. ಒಂದು ಶೀಟ್ ಮುಗಿದು ಸೇವ್ ಆದ ಮೇಲೆ ಎಡಿಟ್, ಪರ್ಜ್, ಆಲ್ ಕೊಡಿ. ಅದಾದ ಮೇಲೆ ಅನ್‌ಡೂ ಆಗುವುದಿಲ್ಲ, ಹಾಗಾಗಿ ಸೇವ್ ಆದ ಮೇಲೇ ಮಾಡಿ.

ಆ ಲೈಟ್‌ರೂಮ್ 11 ಜಿಬಿ ಇದೆಯಲ್ಲ, ಅದರಲ್ಲಿ ದೊಡ್ಡ ಪಾಲು ಪ್ರಿವ್ಯೂಸ್ ಡಾಟ್ ಎಲ್‌ಆರ್‌ಡೇಟಾ ಇರುತ್ತದೆ. ಫೋಟೋ ಬೇಗ ತೋರಿಸಲು ಮಾಡಿಟ್ಟುಕೊಂಡ ಚಿತ್ರಗಳು ಅವು, ಹೋದರೂ ಮತ್ತೆ ಹುಟ್ಟುತ್ತವೆ. ಕ್ಯಾಟಲಾಗ್ ಫೈಲ್ ಮಾತ್ರ ಅಳಿಸಬೇಡಿ, ನೀವು ಮಾಡಿದ ಎಡಿಟ್‌ಗಳೆಲ್ಲ ಅದರಲ್ಲೇ ಇರುತ್ತವೆ. ಲೈಟ್‌ರೂಮ್ ಮುಚ್ಚಿ ಇಡೀ ಫೋಲ್ಡರ್ ಅನ್ನು ಡಿಗೆ ಕಾಪಿ ಮಾಡಿ. ಅಲ್ಲಿಂದ ಕ್ಯಾಟಲಾಗ್ ತೆರೆದು ಎಲ್ಲ ಸರಿ ಇದೆ ಅಂತ ನೋಡಿದ ಮೇಲೆ ಸಿಯದ್ದು ತೆಗೆಯಿರಿ.

ಬಯಲುಸೀಮೆ
ಫಾಂಟ್ಸ್ ಫೋಲ್ಡರ್ ಕೂಡ ನೋಡಿ. ಡಿಟಿಪಿ ಮಾಡುವವರು ನುಡಿ, ಶ್ರೀಲಿಪಿ, ಇಂಗ್ಲಿಷ್ ಫಾಂಟ್ ಅಂತ ಸಾವಿರ ಸಾವಿರ ತುಂಬಿರುತ್ತಾರೆ.

ಕೀಲಿಮಣೆ
ಕನ್ನಡ ಫಾಂಟ್ ಒಂದೊಂದು ಕೆಲವು ನೂರು ಕೆಬಿ. ಜಾಗದ ಲೆಕ್ಕಕ್ಕೇ ಬರುವುದಿಲ್ಲ. ಸಾವಿರ ಇದ್ದರೆ ಕೋರೆಲ್, ಫೋಟೋಶಾಪ್ ತೆರೆಯುವುದು ನಿಧಾನ ಆಗುತ್ತದೆ, ಅದು ಬೇರೆ ವಿಷಯ. ಹಳೆಯ ಲಗ್ನಪತ್ರಿಕೆ ಫೈಲ್‌ಗಳು ಆ ಫಾಂಟ್ ಇಲ್ಲದೆ ತೆರೆದರೆ ಅಕ್ಷರವೆಲ್ಲ ಕಲಸಿಹೋಗುತ್ತವೆ. ಮುಟ್ಟಬೇಡಿ.

ಗೋಧೂಳಿ
ಕೋರೆಲ್ ಹೆಸರು ಬಂದದ್ದಕ್ಕೆ ನೆನಪಾಯಿತು. ಬ್ಯಾಕಪ್ ಆಫ್ ಅಂತ ಹೆಸರಿನ ಮುಂದೆ ಸೇರಿಸಿಕೊಂಡು ಪ್ರತಿ ಫೈಲ್‌ಗೂ ಒಂದು ನಕಲು ಇಡುತ್ತದೆ. ಡೆಸ್ಕ್‌ಟಾಪ್ ಮೇಲೆ ಕೆಲಸ ಮಾಡುವ ಅಭ್ಯಾಸ ಇದ್ದರೆ ಅವೂ ಸಿಯಲ್ಲೇ ಸೇರುತ್ತವೆ. ಡೆಸ್ಕ್‌ಟಾಪ್ ಅಂದರೆ ಸಿ ಎಂದು ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ.

ಲೆಕ್ಕದಪುಸ್ತಕ
ಮಧ್ಯೆ ಬರುತ್ತಿದ್ದೇನೆ, ಆದರೆ ಇದು ಹೇಳಲೇಬೇಕು. ಇದನ್ನು ಓದಿ ಆಫೀಸ್ ಮಷೀನ್‌ನಲ್ಲಿ ಕ್ಲೀನಿಂಗ್‌ಗೆ ಇಳಿಯುವವರು ಮೊದಲು ಟ್ಯಾಲಿ ಡೇಟಾ ಎಲ್ಲಿದೆ ನೋಡಿಕೊಳ್ಳಿ. ಟ್ಯಾಲಿಯಲ್ಲಿ ಡೇಟಾ ಪಾತ್ ತೋರಿಸುತ್ತದೆ. ಬಹಳ ಕಡೆ ಅದು ಸಿಯಲ್ಲೇ ಇರುತ್ತದೆ. ಫೋಲ್ಡರ್ ಹೆಸರು ಬರೀ ಅಂಕಿ, ನೋಡಿದರೆ ಕಸದ ಹಾಗೆ ಕಾಣುತ್ತದೆ. ಒಳಗೆ ಇಡೀ ಕಂಪನಿಯ ಲೆಕ್ಕ ಇರುತ್ತದೆ. ಮಾರ್ಚ್ ತಿಂಗಳಲ್ಲಿ ಅದು ಹೋದರೆ ಯಾರೂ ನಿದ್ದೆ ಮಾಡುವ ಹಾಗಿಲ್ಲ.

ಸರ್ವಿಸ್_ಮಂಜಣ್ಣ
ಸತ್ಯವಾದ ಮಾತು. ಹೊಸಬರು ಇದನ್ನೂ ಗಮನಿಸಿ: ಎಸ್‌ಎಸ್‌ಡಿಯಲ್ಲಿ ಅಳಿಸಿದ ಫೈಲ್ ರಿಕವರಿ ಮಾಡುವುದು ಬಹಳ ಕಷ್ಟ. ಟ್ರಿಮ್ ಅಂತ ಒಂದು ಇದೆ. ಫೈಲ್ ಅಳಿಸಿದ ಕೂಡಲೇ ಈ ಜಾಗ ಬೇಡ ಎಂದು ವಿಂಡೋಸ್ ಡ್ರೈವ್‌ಗೆ ಹೇಳುತ್ತದೆ, ಡ್ರೈವ್ ತನ್ನ ಬಿಡುವಿನಲ್ಲಿ ಅದನ್ನು ಖಾಲಿ ಮಾಡಿಬಿಡುತ್ತದೆ. ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ಮೇಲೆ ಬೇರೆ ಬರೆಯುವ ತನಕ ಸಿಗುತ್ತಿತ್ತು. ಎಸ್‌ಎಸ್‌ಡಿ ತಂದು ಇಟ್ಟು, ಮಗಳ ನಾಮಕರಣದ ಫೋಟೋ ಹೇಗಾದರೂ ತೆಗೆದುಕೊಡಿ ಎಂದು ಕೇಳುತ್ತಾರೆ. ಏನೂ ಮಾಡಲು ಆಗುವುದಿಲ್ಲ. ಬಹಳ ಬೇಜಾರಾಗುತ್ತದೆ.

ಈಗ ಇವರ ಪಟ್ಟಿಗೆ ಬರುತ್ತೇನೆ.

ವಿಂಡೋಸ್ ಡಾಟ್ ಓಲ್ಡ್ 18 ಜಿಬಿ: ಹಳೆಯ ವಿಂಡೋಸ್ 10. ಅಪ್‌ಗ್ರೇಡ್ ಆದ 10 ದಿನದ ತನಕ ವಾಪಸ್ ಹೋಗಲು ಇಟ್ಟಿರುತ್ತದೆ, ಆಮೇಲೆ ತಾನೇ ಅಳಿಸುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ, ಹಾಗಾಗಿ ವಾಪಸ್ ಹೋಗುವ ಯೋಚನೆ ಇರಲಾರದು. ಆದರೂ ಪ್ರಿಂಟರ್, ನುಡಿ, ಡಾಂಗಲ್ ಎಲ್ಲ 11ರಲ್ಲಿ ಓಡುತ್ತಿದೆಯಾ ನೋಡಿಕೊಂಡೇ ತೆಗೆಯಿರಿ. ಸೆಟ್ಟಿಂಗ್ಸ್, ಸಿಸ್ಟಂ, ಸ್ಟೋರೇಜ್, ಟೆಂಪರರಿ ಫೈಲ್ಸ್, ಅಲ್ಲಿ ಹಿಂದಿನ ವಿಂಡೋಸ್ ಅಂತ ಇರುತ್ತದೆ, ಟಿಕ್ ಹಾಕಿ ತೆಗೆಯಿರಿ. ಫೋಲ್ಡರ್‌ಗೆ ಹೋಗಿ ಡಿಲೀಟ್ ಒತ್ತಿದರೆ ಪರ್ಮಿಷನ್ ಜಗಳ ಶುರುವಾಗುತ್ತದೆ.

ಹೈಬರ್‌ಫಿಲ್ 3.2 ಜಿಬಿ: ಹೈಬರ್ನೇಟ್ ಮಾಡುವಾಗ ತೆರೆದಿರುವ ಕೆಲಸವನ್ನು ಬರೆದಿಡುವ ಫೈಲ್, ನಿಮ್ಮ ರ್‍ಯಾಮ್‌ನ ಶೇಕಡಾ 40. ಹೈಬರ್ನೇಟ್ ಬಳಸುವುದಿಲ್ಲ ಅಂದರೆ ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಪವರ್‌ಸಿಎಫ್‌ಜಿ /ಎಚ್ ಆಫ್ ಕೊಡಿ, ಫೈಲ್ ತಾನಾಗಿ ಹೋಗುತ್ತದೆ.

ಪೇಜ್‌ಫೈಲ್: ರ್‍ಯಾಮ್ ಸಾಲದಾಗ ವಿಂಡೋಸ್ ಬಳಸುವ ಫೈಲ್. ಹಾಗೇ ಬಿಡಿ. 8 ಜಿಬಿ ರ್‍ಯಾಮ್‌ನಲ್ಲಿ ಫೋಟೋಶಾಪ್ ಓಡಿಸುವವರು ಅದನ್ನು ತೆಗೆಯಬಾರದು.

ಶಾಲ್ಮಲೆ
ಹೈಬರ್ನೇಟ್ ಆಫ್ ಮಾಡಿದರೆ ಫಾಸ್ಟ್ ಸ್ಟಾರ್ಟಪ್ ಕೂಡ ಹೋಗುತ್ತದೆ, ಅದನ್ನೂ ಹೇಳಿ.

ಸರ್ವಿಸ್_ಮಂಜಣ್ಣ
ಹೌದು, ಹೋಗುತ್ತದೆ. ಎಸ್‌ಎಸ್‌ಡಿಯಲ್ಲಿ ಆನ್ ಆಗುವುದು ಕೆಲವು ಸೆಕೆಂಡ್ ತಡ ಆಗಬಹುದು. ಫಾಸ್ಟ್ ಸ್ಟಾರ್ಟಪ್ ಬೇಕೇ ಬೇಕು ಅನ್ನುವವರಿಗೆ /ಎಚ್ /ಟೈಪ್ ರೆಡ್ಯೂಸ್ಡ್ ಇದೆ. ಆಗ ಫೈಲ್ ಅರ್ಧಕ್ಕೆ ಇಳಿಯುತ್ತದೆ.

ಪೆಂಗ್ವಿನ್
ಇಷ್ಟೆಲ್ಲ ಕಷ್ಟ ಯಾಕೆ, ಲಿನಕ್ಸ್ ಹಾಕಿ. ಪೂರ್ತಿ ಸಿಸ್ಟಂ 15-20 ಜಿಬಿಯಲ್ಲಿ ಮುಗಿಯುತ್ತದೆ.

ಗೋಧೂಳಿ
ಫೋಟೋಶಾಪ್ ಬೇಕಾದವರಿಗೆ ಶುಕ್ರವಾರದೊಳಗೆ ಲಿನಕ್ಸ್ ಹೇಳಿದರೆ ಹೇಗೆ ಸರ್?

ಕರಾವಳಿ_ಕೋಡರ್
ಲಿನಕ್ಸ್‌ನಲ್ಲೂ ರೂಟ್ (ಅಲ್ಲಿನ ಸಿ ಡ್ರೈವ್ ಇದ್ದ ಹಾಗೆ) ತುಂಬುತ್ತದೆ ಪೆಂಗ್ವಿನ್ ಅವರೇ. ಮೊನ್ನೆ ಒಂದು ಸರ್ವರ್‌ನಲ್ಲಿ ಡಿಸ್ಕ್ ಎಷ್ಟು ತುಂಬಿದೆ ಎಂದು ತೋರಿಸುವ ಡಿಎಫ್ ಕಮಾಂಡ್ ನೋಡಿದರೆ ನೂರಕ್ಕೆ ನೂರು ತುಂಬಿದೆ, ಫೈಲ್‌ಗಳ ಗಾತ್ರ ಕೂಡುವ ಡಿಯು ಲೆಕ್ಕ ಹಾಕಿದರೆ ಅರ್ಧವೂ ಇಲ್ಲ. ಯಾರೋ ದೊಡ್ಡ ಲಾಗ್ ಫೈಲ್ ಅಳಿಸಿದ್ದರು, ಆದರೆ ಅದನ್ನು ತೆರೆದುಕೊಂಡಿದ್ದ ಪ್ರೋಗ್ರಾಂ ಇನ್ನೂ ಓಡುತ್ತಿತ್ತು. ಅದು ಮುಚ್ಚುವ ತನಕ ಜಾಗ ವಾಪಸ್ ಬರುವುದಿಲ್ಲ. ಎಲ್‌ಎಸ್‌ಒಎಫ್ +ಎಲ್1 ಕೊಟ್ಟರೆ ಅಂಥವು ಕಾಣುತ್ತವೆ.

ವಿಂಡೋಸ್ ಒಳಗೇ ಲಿನಕ್ಸ್ ಓಡಿಸಲು ಡಾಕರ್, ಡಬ್ಲ್ಯೂಎಸ್‌ಎಲ್ ಬಳಸುವವರೂ ಗಮನಿಸಿ. ಅದರ ವರ್ಚುವಲ್ ಡಿಸ್ಕ್ ಫೈಲ್ ಬೆಳೆಯುತ್ತದೆ, ಒಳಗೆ ಎಷ್ಟು ಅಳಿಸಿದರೂ ತಾನಾಗಿ ಕುಗ್ಗುವುದಿಲ್ಲ. ಡಬ್ಲ್ಯೂಎಸ್‌ಎಲ್ ಶಟ್‌ಡೌನ್ ಮಾಡಿ ಡಿಸ್ಕ್‌ಪಾರ್ಟ್‌ನಲ್ಲಿ ಕಾಂಪ್ಯಾಕ್ಟ್ ವಿಡಿಸ್ಕ್ ಕೊಡಬೇಕು.

ಪೆಂಗ್ವಿನ್
ಅದು ನಿಜ. ಉಬುಂಟುನಲ್ಲಿ ಹಳೆಯ ಕರ್ನಲ್‌ಗಳು, ಜರ್ನಲ್ ಲಾಗ್ ಎರಡೂ ಆಗಾಗ ನೋಡಬೇಕು. ಆಪ್ಟ್ ಆಟೋರಿಮೂವ್ ಮತ್ತು ಜರ್ನಲ್‌ಸಿಟಿಎಲ್‌ನ ವ್ಯಾಕ್ಯೂಮ್ ಸೈಜ್ ಸಾಕು.

ಅಟ್ಲಾಂಟಾ_ಕನ್ನಡಿಗ
ಮ್ಯಾಕ್‌ನಲ್ಲಿ ಸಿಸ್ಟಂ ಡೇಟಾ ಅಂತ 80 ಜಿಬಿ ತೋರಿಸುತ್ತಿದೆ, ಅದಕ್ಕೂ ಯಾರಾದರೂ ಹೇಳಿ.

ಕರಾವಳಿ_ಕೋಡರ್
ಟೈಮ್ ಮೆಷೀನ್‌ನ ಲೋಕಲ್ ಸ್ನ್ಯಾಪ್‌ಶಾಟ್ ಇರಬಹುದು, ಐಫೋನ್ ಬ್ಯಾಕಪ್ ಇರಬಹುದು. ಟಿಎಂಯುಟಿಲ್ ಕಮಾಂಡ್‌ನಲ್ಲಿ ಸ್ನ್ಯಾಪ್‌ಶಾಟ್ ಪಟ್ಟಿ ನೋಡಿ. ಬೇರೆ ಪ್ರಶ್ನೆಯಾಗಿ ಹಾಕಿದರೆ ವಿವರವಾಗಿ ಹೇಳುತ್ತೇನೆ, ಇಲ್ಲಿ ಬೆರೆಸುವುದು ಬೇಡ.

ಹಳೇಪೇಟೆ
ವಿಂಡೋಸ್ ಒಳಗೆ ಇನ್‌ಸ್ಟಾಲರ್ ಅಂತ ಫೋಲ್ಡರ್ ಇದೆಯಲ್ಲ, ಅದಾದರೂ ತೆಗೆಯಬಹುದಾ? ಹೆಸರು ನೋಡಿದರೆ ಇನ್‌ಸ್ಟಾಲ್ ಆದ ಮೇಲೆ ಬೇಡದ ಫೈಲ್ ಇರಬೇಕು.

ಕೀಲಿಮಣೆ
ಬೇಡ. ಸಾಫ್ಟ್‌ವೇರ್ ಅಪ್‌ಡೇಟ್ ಮಾಡಲು, ರಿಪೇರಿ ಮಾಡಲು, ಅನ್‌ಇನ್‌ಸ್ಟಾಲ್ ಮಾಡಲು ಅವು ಬೇಕು. ಈ ಸಲ ಅಳಿಸುವ ಮೊದಲು ಕೇಳಿದಿರಿ, ಒಳ್ಳೆಯದಾಯಿತು.

ಆಲ್ಬಂ_ದಾವಣಗೆರೆ
ಎಲ್ಲರಿಗೂ ತುಂಬಾ ಧನ್ಯವಾದ. ರೀಸ್ಟಾರ್ಟ್ ಮಾಡಿ ಟೆಂಪ್ ಅಳಿಸಿದೆ. ಒಂದೆರಡು ಫೈಲ್ ಬಳಕೆಯಲ್ಲಿವೆ ಅಂದಿತು, ಸ್ಕಿಪ್ ಕೊಟ್ಟೆ. ಪ್ರಿಂಟರ್, ನುಡಿ ಎರಡೂ 11ರಲ್ಲಿ ಓಡುತ್ತಿವೆ, ಹಾಗಾಗಿ ಹಳೆಯ ವಿಂಡೋಸ್ ತೆಗೆದೆ. ಹೈಬರ್ನೇಟ್ ಆಫ್. ಲೈಟ್‌ರೂಮ್ ಡಿಗೆ ಹೋಯಿತು, ಕ್ಯಾಟಲಾಗ್ ಸರಿಯಾಗಿ ತೆರೆಯುತ್ತಿದೆ. ಸ್ಕ್ರ್ಯಾಚ್ ಕೂಡ ಡಿಯಲ್ಲಿ. ಈಗ ಸಿಯಲ್ಲಿ 60 ಜಿಬಿ ಹತ್ತಿರ ಖಾಲಿ ಇದೆ. ಫೋಟೋಶಾಪ್ ಸ್ವಲ್ಪ ನಿಧಾನ, ಆದರೆ ಮಧ್ಯಾಹ್ನದಿಂದ ಒಮ್ಮೆಯೂ ಮುಚ್ಚಿಕೊಂಡಿಲ್ಲ.

ವಾಟ್ಸಾಪ್ 6 ಜಿಬಿ ಮುಟ್ಟಿಲ್ಲ. ಕಸ್ಟಮರ್ ಆರಿಸಿ ಕಳಿಸಿದ ಫೋಟೋ ಅದರಲ್ಲೇ ಇವೆ.

ಶಾಲ್ಮಲೆ
ಅವನ್ನು ಕಸ್ಟಮರ್ ಹೆಸರಿನಲ್ಲಿ ಡಿಗೆ ಸೇವ್ ಮಾಡಿಕೊಂಡು, ಆಲ್ಬಂ ಕೊಟ್ಟಾದ ಮೇಲೆ ಚಾಟ್‌ನ ಮೀಡಿಯಾ ತೆಗೆಯಿರಿ. ಫೋಟೋ ಆಗಿ ಕಳಿಸಿದರೆ ವಾಟ್ಸಾಪ್ ಕುಗ್ಗಿಸುತ್ತದೆ, ಪ್ರಿಂಟ್‌ಗೆ ಬರುವುದಿಲ್ಲ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಆಲ್ಬಂ_ದಾವಣಗೆರೆ
ಹೇಳುತ್ತಲೇ ಇರುತ್ತೇನೆ, ಯಾರೂ ಕೇಳುವುದಿಲ್ಲ. ಇರಲಿ. ಸೀಸನ್ ಮುಗಿದ ಮೇಲೆ 512 ಜಿಬಿ ಎಸ್‌ಎಸ್‌ಡಿ ಹಾಕಿಸಬೇಕು ಅಂತಿದ್ದೇನೆ. ಇರುವುದನ್ನೆಲ್ಲ ಹಾಗೇ ಅದಕ್ಕೆ ಕಾಪಿ ಮಾಡಬಹುದಾ, ಎಲ್ಲ ಹೊಸದಾಗಿ ಹಾಕಬೇಕಾ?

ಸರ್ವಿಸ್_ಮಂಜಣ್ಣ
ಕ್ಲೋನ್ ಮಾಡಬಹುದು. ತರುವ ಮುಂಚೆ ನಿಮ್ಮ ಲ್ಯಾಪ್‌ಟಾಪ್‌ನ ಎಸ್‌ಎಸ್‌ಡಿ ಕೂರಿಸುವ ಎಂ.2 ಸ್ಲಾಟ್ ಸಾಟಾನಾ, ಎನ್‌ವಿಎಂಇನಾ ಅಂತ ಮಾಡೆಲ್ ನಂಬರ್ ಹಿಡಿದು ನೋಡಿ. ಎರಡೂ ನೋಡಲು ಒಂದೇ ಥರ ಇರುತ್ತವೆ. ತಪ್ಪಾದದ್ದು ತಂದರೆ ಮಷೀನ್ ಅದನ್ನು ಗುರುತಿಸುವುದಿಲ್ಲ. 512 ಅಂತ ಬರೆದಿದ್ದರೂ ವಿಂಡೋಸ್ 476 ತೋರಿಸುತ್ತದೆ, ಅಂಗಡಿಯವರು ಮೋಸ ಮಾಡಿದರು ಅಂದುಕೊಳ್ಳಬೇಡಿ. ಕಂಪನಿಯವರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ. ನಿಮ್ಮ 128 ಕೂಡ 119 ಅಷ್ಟೇ ಅಲ್ವಾ?

ಕ್ಲೋನ್ ಆದ ಮೇಲೆ ಸಿ ಮೊದಲಿನಷ್ಟೇ ಇರುತ್ತದೆ, ಉಳಿದ ಜಾಗ ಕೊನೆಯಲ್ಲಿ ಖಾಲಿ ಬೀಳುತ್ತದೆ. ಮಧ್ಯೆ ಆ ರಿಕವರಿ ಪಾರ್ಟಿಷನ್ ಬಂದಿರುತ್ತದೆ. ಕ್ಲೋನ್ ಮಾಡುವಾಗಲೇ ಸಿಯನ್ನು ದೊಡ್ಡದು ಮಾಡಿಸಿಕೊಳ್ಳಿ. ಎಲ್ಲಕ್ಕಿಂತ ಮುಂಚೆ ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಷನ್ (ಡಿಸ್ಕ್‌ನಲ್ಲಿರುವುದಕ್ಕೆ ಹಾಕುವ ಬೀಗ) ಆನ್ ಇದೆಯಾ ನೋಡಿ. ಇದ್ದರೆ ರಿಕವರಿ ಕೀ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿರುತ್ತದೆ. ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಂಡೇ ಲ್ಯಾಪ್‌ಟಾಪ್ ಬಿಚ್ಚಲು ಕೊಡಿ.